ಮಳೆಗಾಲದ ಚೆನ್ನೈ: ಕಿಟಕಿಯಿಂದ ಆಚೆ

ನಮ್ಮ ಸಂಘದಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಮಗಳನ್ನು ಚೆನ್ನೈಗೆ ಕೊಟ್ಟಿದೆ. ಒಮ್ಮೆ ಕಾರ್ತಿಕ ಮಾಸದಲ್ಲಿ ಮಗಳಿಗೆ ಹುಷಾರಿಲ್ಲ ಅಂತ ಅಕ್ಕ ಅಲ್ಲಿಗೆ ಹೋದರು. ಮೂರು ವಾರ ಇದ್ದು ಬಂದರು.

"ಚೆನ್ನೈ ಹೇಗಿದೆ ಅಕ್ಕಾ?" ಅಂತ ನಾವು ಸುತ್ತ ಕೂತು ಕೇಳಿದೆವು.

"ನನಗೇನು ಗೊತ್ತಮ್ಮ? ಕಿಟಕಿ ನೋಡಿ ಬಂದೆ" ಅಂದರು ಅಕ್ಕ.

ದಿನಾ ಮಳೆ. ಹೊರಗೆ ಹೋದರೆ ದಾರಿ ತಪ್ಪುವ ಭಯ. ಬೋರ್ಡು ಓದಲು ಬಾರದು. ಮಾತು ಬಾರದು. ಮೂರು ವಾರ ಅಡುಗೆ ಮಾಡಿ, ಪಾತ್ರೆ ತೊಳೆದು, ಕಿಟಕಿಯ ಹತ್ತಿರ ಕೂತು ವಾಪಸ್ ಬಂದರು. ಅಷ್ಟು ದೊಡ್ಡ ಕಡಲನ್ನೂ ನೋಡಲಿಲ್ಲ.

ಆಮೇಲೆ ಅಕ್ಕ ಸಂಜೆಯ ಅಕ್ಷರ ತರಗತಿಗೆ ಸೇರಿದರು. ಓದಲು ಕಲಿತರು. ಮುಂದಿನ ಧನುರ್ಮಾಸದಲ್ಲಿ ನಾವು ಆರು ಮಂದಿ ಜೊತೆಯಾಗಿ ಚೆನ್ನೈಗೆ ಹೊರಟೆವು. ಆಗಲೂ ಮಳೆ ಇತ್ತು. ಆದರೆ ಈ ಸಲ ಕಿಟಕಿಯ ಹತ್ತಿರ ಕೂರಲಿಲ್ಲ. ಅಲ್ಲಿ ಏನು ನೋಡಿದೆವು, ಏನು ತಿಳಿದೆವು ಅಂತ ನಿಮಗೆ ಹೇಳುತ್ತೇವೆ.

ಚಳಿಗಾಲದಲ್ಲಿ ಮಳೆ ಯಾಕೆ?

ನಮ್ಮಲ್ಲಿ ಎರಡು ಮಳೆ. ಒಂದು ಮುಂಗಾರು. ಇನ್ನೊಂದು ಹಿಂಗಾರು.

ಮುಂಗಾರು ಜೂನ್ ತಿಂಗಳಲ್ಲಿ ಬರುತ್ತದೆ. ಆಗ ಗಾಳಿ ಅರಬ್ಬೀ ಸಮುದ್ರದ ಕಡೆಯಿಂದ ಬೀಸುತ್ತದೆ. ಮೋಡ ಪಶ್ಚಿಮ ಘಟ್ಟಕ್ಕೆ ತಾಕುತ್ತದೆ. ಮಂಗಳೂರು, ಉಡುಪಿ, ಕಾರವಾರದಲ್ಲಿ ಸುರಿದುಬಿಡುತ್ತದೆ. ಘಟ್ಟ ದಾಟಿ ಪೂರ್ವಕ್ಕೆ ಹೋಗುವಷ್ಟರಲ್ಲಿ ಮೋಡದ ನೀರು ಕಡಿಮೆಯಾಗಿರುತ್ತದೆ.

ಅಕ್ಟೋಬರ್ ಬಂದಾಗ ಗಾಳಿ ತಿರುಗುತ್ತದೆ. ಈಗ ಅದು ಈಶಾನ್ಯದಿಂದ ಬೀಸುತ್ತದೆ. ಬಂಗಾಳ ಕೊಲ್ಲಿಯ ಮೇಲೆ ಹಾದು ನೀರು ಹೊತ್ತು ತರುತ್ತದೆ. ಇದೇ ಹಿಂಗಾರು. ಚೆನ್ನೈ ಇರುವುದು ಆ ಕಡಲಿನ ದಡದಲ್ಲಿ. ಹಾಗಾಗಿ ಅಲ್ಲಿ ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳೇ ನಿಜವಾದ ಮಳೆಗಾಲ.

ಚೆನ್ನೈನಲ್ಲಿ ವರ್ಷಕ್ಕೆ ಸುಮಾರು 140 ಸೆಂಟಿಮೀಟರ್ ಮಳೆ ಬೀಳುತ್ತದೆ. ಇದು ಎಷ್ಟು ಗೊತ್ತಾ? ಬಿದ್ದ ನೀರು ಹರಿಯದೆ, ಇಂಗದೆ ಹಾಗೇ ನಿಂತರೆ ನಮ್ಮ ಕತ್ತು ಮುಳುಗುತ್ತದೆ. ನಮ್ಮ ಕೋಲಾರದ ಮಳೆ ಹೆಚ್ಚುಕಡಿಮೆ ಇದರ ಅರ್ಧ. ಆ 140ರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮೂರೇ ತಿಂಗಳಲ್ಲಿ ಬೀಳುತ್ತದೆ.

ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು. ದಾರಿಯಲ್ಲಿ ಜೋಲಾರಪೇಟೆ ಸಿಕ್ಕಿತು. ಅಲ್ಲಿ ಎದುರು ಸೀಟಿನ ತಾಯಿಯೊಬ್ಬರು ಒಂದು ವಿಷಯ ಹೇಳಿದರು. 2019ರಲ್ಲಿ ಚೆನ್ನೈಗೆ ನೀರು ಕೊಡುವ ಕೆರೆಗಳು ಒಣಗಿದವು. ಹಿಂದಿನ ಹಿಂಗಾರು ಕೈಕೊಟ್ಟಿತ್ತು. ಕೊಡ ಹಿಡಿದು ಹೆಂಗಸರು ರಾತ್ರಿಯೆಲ್ಲಾ ಕಾದರು. ಕೊನೆಗೆ ಜುಲೈ ತಿಂಗಳಲ್ಲಿ ಇದೇ ಜೋಲಾರಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸಿದರು.

ನಾವು ಕೋಲಾರದವರು. ಕೊಡ ಹಿಡಿದು ಕಾಯುವುದು ನಮಗೆ ಹೊಸದಲ್ಲ. ಅಷ್ಟು ಮಳೆಯ ಊರಲ್ಲೂ ನೀರಿಲ್ಲವಾ ಅಂತ ಬೆರಗಾಯಿತು. ಮಳೆ ಬಂದರೆ ಸಾಲದು. ಅದನ್ನು ಹಿಡಿದಿಡಬೇಕು. ತಮಿಳುನಾಡಿನಲ್ಲಿ 2003ರಲ್ಲೇ ಪ್ರತಿ ಕಟ್ಟಡಕ್ಕೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಅಕ್ಕನ ಮಗಳ ಮನೆಯ ಚಾವಣಿಯಿಂದಲೂ ಒಂದು ಪೈಪು ಇಳಿದು ಇಂಗುಗುಂಡಿಗೆ ಹೋಗುತ್ತದೆ. ಅದರ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಅಕ್ಕನೇ ತೆಗೆದು ಸರಿಮಾಡಿದರು.

ಮೊದಲು ಬಣ್ಣ ಕೇಳಿ, ಆಮೇಲೆ ಹೊರಡಿ

ಮಳೆ ನೋಡಲು ಚೆಂದ. ಆದರೆ ಅದಕ್ಕೆ ಹೆದರಬೇಕಾದ ದಿನವೂ ಇದೆ.

2015ರ ಡಿಸೆಂಬರ್ 1 ಮತ್ತು 2ರಂದು ಚೆನ್ನೈನಲ್ಲಿ ಭಾರಿ ಮಳೆಯಾಯಿತು. ಅದಕ್ಕೂ ಮೊದಲು ನವೆಂಬರ್ ಪೂರ್ತಿ ಮಳೆ ಸುರಿದಿತ್ತು. ಕೆರೆಗಳು ತುಂಬಿದ್ದವು. ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರು ಅಡ್ಯಾರ್ ನದಿಗೆ ನುಗ್ಗಿತು. ನದಿ ದಂಡೆ ಮೀರಿತು. ಮನೆಗಳು ಮುಳುಗಿದವು. ವಿಮಾನ ನಿಲ್ದಾಣವನ್ನೇ ಕೆಲವು ದಿನ ಮುಚ್ಚಿದರು. ಆ ವರ್ಷದ ಹಿಂಗಾರು ಮಳೆಯಲ್ಲಿ ತಮಿಳುನಾಡಿನಲ್ಲಿ ನೂರಾರು ಜನ ಸತ್ತರು. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗಲೂ ಊರಿನ ಬಹಳ ಭಾಗದಲ್ಲಿ ನೀರು ನಿಂತಿತು.

ಇದಕ್ಕೇ ಹವಾಮಾನ ಇಲಾಖೆಯವರು ಬಣ್ಣದಲ್ಲಿ ಎಚ್ಚರಿಕೆ ಹೇಳುತ್ತಾರೆ. ಬಣ್ಣ ನಾಲ್ಕು.

ಹಸಿರು ಅಂದರೆ ಭಯವಿಲ್ಲ.
ಹಳದಿ ಅಂದರೆ ಗಮನ ಇರಲಿ. ಸುದ್ದಿ ಕೇಳುತ್ತಿರಿ.
ಕಿತ್ತಳೆ ಅಂದರೆ ಸಿದ್ಧರಾಗಿರಿ. ಅಗತ್ಯವಿಲ್ಲದೆ ಹೊರಡಬೇಡಿ.
ಕೆಂಪು ಅಂದರೆ ಅಪಾಯ. ಮನೆಯಲ್ಲೇ ಇರಿ. ತಗ್ಗಿನ ಜಾಗವಾದರೆ, ಹೇಳಿದ ಕೂಡಲೇ ಎತ್ತರದ ಜಾಗಕ್ಕೆ ಹೋಗಿ.

ನಾವು ಹೋದ ಮಾರನೆಯ ದಿನವೇ ಕಿತ್ತಳೆ ಬಣ್ಣ. ಬೆಳಿಗ್ಗೆ ಬರೀ ತುಂತುರು. "ರೈಲಿಗೆ ದುಡ್ಡು ಕೊಟ್ಟು ಬಂದಿದ್ದೀವಿ. ಸುಮ್ಮನೆ ಕೂರೋದಾ?" ಅಂತ ನಮ್ಮಲ್ಲೊಬ್ಬರು ಹಟ ಹಿಡಿದರು. ಉಳಿದವರು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೀದಿಯಲ್ಲಿ ಮೊಣಕಾಲುದ್ದ ನೀರು. ಹಟ ಮಾಡಿದವರೇ "ಹೋಗದೆ ಇದ್ದದ್ದು ಒಳ್ಳೇದಾಯ್ತು" ಅಂದರು.

ನಿಂತ ನೀರಿನಲ್ಲಿ ಕಾಲಿಡಬೇಡಿ. ಕೆಳಗೆ ಚರಂಡಿ ಬಾಯಿ ತೆರೆದಿರಬಹುದು. ಹರಿದ ಕರೆಂಟು ತಂತಿ ಬಿದ್ದಿರಬಹುದು. ಕುಡಿಯುವ ನೀರನ್ನು ಕುದಿಸಿ ಆರಿಸಿ. ಹೂಕುಂಡ, ಹಳೇ ಡಬ್ಬದ ನೀರು ಚೆಲ್ಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ನೀರಲ್ಲೇ. ಆಪತ್ತಿಗೆ 112, ಆಂಬುಲೆನ್ಸಿಗೆ 108. ಈ ಎರಡು ನಂಬರು ನಮ್ಮಲ್ಲೂ ನಡೆಯುತ್ತದೆ, ಅಲ್ಲೂ ನಡೆಯುತ್ತದೆ.

ಬೇರೆ ಅಕ್ಷರ, ಅದೇ ಅಂಕಿ

ಮೂರನೆಯ ದಿನ ಬಣ್ಣ ಹಳದಿಗೆ ಇಳಿಯಿತು. ಕೊಡೆ ಹಿಡಿದು ಬಸ್ ಸ್ಟಾಪಿಗೆ ಹೋದೆವು. ಬೋರ್ಡು ನೋಡಿದೆವು. ಎದೆ ಧಸಕ್ ಅಂತು. ಎಲ್ಲಾ ತಮಿಳು. ಉಳಿದದ್ದು ಇಂಗ್ಲಿಷು. ಅಷ್ಟು ಕಷ್ಟಪಟ್ಟು ಅ, ಆ, ಇ, ಈ ಕಲಿತೆವು. ಇಲ್ಲಿ ಮತ್ತೆ ಹೆಬ್ಬೆಟ್ಟಾದೆವಲ್ಲಾ ಅನ್ನಿಸಿತು.

ಆಗ ಅಕ್ಕ ಹೇಳಿದರು: "ಅಂಕಿ ನೋಡ್ರೇ. ಅಂಕಿ ನಮ್ಮದೇ ಅಲ್ವಾ?"

ನಿಜ. ಬಸ್ಸಿನ ನಂಬರು ನಾವು ತರಗತಿಯಲ್ಲಿ ಕಲಿತ 1, 2, 3ರಲ್ಲೇ ಇತ್ತು. ಮಗಳು ಚೀಟಿಯಲ್ಲಿ ಬಸ್ಸಿನ ನಂಬರು, ಇಳಿಯುವ ಜಾಗ, ಮನೆಯ ವಿಳಾಸ ಬರೆದುಕೊಟ್ಟಿದ್ದಳು. ಜಾಗದ ಹೆಸರನ್ನು ಒಂದು ಕಡೆ ಕನ್ನಡದಲ್ಲಿ, ಒಂದು ಕಡೆ ತಮಿಳಿನಲ್ಲಿ ಬರೆದಿದ್ದಳು. ಕನ್ನಡ ನಾವು ಓದಿದೆವು. ತಮಿಳನ್ನು ಕಂಡಕ್ಟರಿಗೆ ತೋರಿಸಿದೆವು. ಚೀಟಿ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದೆವು. ನೀವೂ ಹಾಗೇ ಮಾಡಿ.

ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡದೆ ಓಡಾಡುವ ಯೋಜನೆ ನಮ್ಮಲ್ಲಿ ಬಂದದ್ದು 2023ರಲ್ಲಿ. ತಮಿಳುನಾಡಿನ ಸಾಮಾನ್ಯ ಸಿಟಿ ಬಸ್ಸುಗಳಲ್ಲಿ ಅದು 2021ರಲ್ಲೇ ಶುರುವಾಗಿತ್ತು. ಎಲ್ಲಾ ಬಸ್ಸಿಗೂ ಅದು ಇಲ್ಲ. ಕಂಡಕ್ಟರನ್ನು ಕೇಳಿಯೇ ಹತ್ತಿ.

ಮಾತೂ ಅಷ್ಟು ದೂರವಲ್ಲ. ನಮ್ಮ ಮಳೆ ಅವರಿಗೆ ಮಳೈ. ನಮ್ಮ ಕಡಲು ಅವರಿಗೆ ಕಡಲ್. ನಮ್ಮ ಹಾಲು ಅವರ ಪಾಲ್. ನಮ್ಮ ಹೂವು ಅವರ ಪೂ. ನಿಧಾನವಾಗಿ ಕೇಳಿದರೆ ಅಕ್ಕ ತಂಗಿಯರ ಮಾತಿನ ಹಾಗೆ ಕೇಳಿಸುತ್ತದೆ.

ಮಳೆ ಬರುತ್ತಿದ್ದರೆ ಸೂರಿನಡಿ ಹೋಗಿ

ಎಗ್ಮೋರ್ ಅನ್ನುವ ಕಡೆ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. 1851ರಲ್ಲಿ ಶುರುವಾದದ್ದು. ಹಳೇ ಕಲ್ಲು, ಲೋಹ, ನಾಣ್ಯ, ಪ್ರಾಣಿಗಳ ಮೂಳೆ ಎಲ್ಲಾ ಅಲ್ಲಿ ಇಟ್ಟಿದ್ದಾರೆ. ದೊಡ್ಡದೊಂದು ತಿಮಿಂಗಿಲದ ಅಸ್ಥಿಪಂಜರವೂ ಇದೆ. ಶುಕ್ರವಾರ ರಜೆ. ಮಳೆಯಲ್ಲಿ ಅರ್ಧ ದಿನ ಕಳೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಅಲ್ಲಿ ನಾವು ಬಹಳ ಹೊತ್ತು ನಿಂತದ್ದು ಕಂಚಿನ ವಿಗ್ರಹಗಳ ಮುಂದೆ. ಸಾವಿರ ವರ್ಷದ ಹಿಂದೆ ಚೋಳರ ಕಾಲದಲ್ಲಿ ಮಾಡಿದ ನಟರಾಜ ಅಲ್ಲಿದ್ದಾನೆ. ಅರ್ಧ ಶಿವ, ಅರ್ಧ ಪಾರ್ವತಿ ಇರುವ ಅರ್ಧನಾರೀಶ್ವರನೂ ಇದ್ದಾನೆ. ಒಂದೇ ಮೈಯಲ್ಲಿ ಗಂಡಿನ ಭುಜ, ಹೆಣ್ಣಿನ ಸೊಂಟ.

ಇವನ್ನು ಮಾಡಿದ್ದು ಹೇಗೆ? ಮೊದಲು ಮೇಣದಲ್ಲಿ ಗೊಂಬೆ ಮಾಡುತ್ತಾರೆ. ಬೆರಳು, ಒಡವೆ, ಸೀರೆಯ ಮಡಿಕೆ ಎಲ್ಲಾ ಮೇಣದಲ್ಲೇ. ಅದರ ಮೇಲೆ ನಯವಾದ ಮಣ್ಣು ಮೆತ್ತುತ್ತಾರೆ. ಒಣಗಿಸುತ್ತಾರೆ. ಆಮೇಲೆ ಬೆಂಕಿಯಲ್ಲಿ ಕಾಯಿಸುತ್ತಾರೆ. ಒಳಗಿನ ಮೇಣ ಕರಗಿ ತೂತಿನಿಂದ ಹರಿದುಹೋಗುತ್ತದೆ. ಮೇಣ ಇದ್ದ ಜಾಗ ಖಾಲಿ ಆಗುತ್ತದೆ. ಅಲ್ಲಿಗೆ ಕರಗಿಸಿದ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣು ಒಡೆಯುತ್ತಾರೆ. ಅಚ್ಚು ಒಡೆದುಹೋಗುವುದರಿಂದ ಅದರಲ್ಲಿ ಇನ್ನೊಂದು ಮಾಡಲು ಆಗದು. ಹಾಗಾಗಿ ಒಂದರ ಹಾಗೆ ಇನ್ನೊಂದು ಇರುವುದಿಲ್ಲ.

ಅದೇ ಆವರಣದಲ್ಲಿ ಕನ್ನೆಮರ ಗ್ರಂಥಾಲಯ ಇದೆ. 1896ರಲ್ಲಿ ತೆರೆದದ್ದು. 1954ರಲ್ಲಿ ಒಂದು ಕಾನೂನು ಬಂತು. ಭಾರತದಲ್ಲಿ ಪುಸ್ತಕ ಅಚ್ಚು ಮಾಡಿಸಿ ಪ್ರಕಟಿಸುವವರು ನಾಲ್ಕು ಗ್ರಂಥಾಲಯಗಳಿಗೆ ಅದರ ಪ್ರತಿ ಕಳಿಸಬೇಕು ಅಂತ. ಆ ನಾಲ್ಕರಲ್ಲಿ ಇದೂ ಒಂದು. ಉಳಿದವು ಕೋಲ್ಕತ್ತ, ಮುಂಬಯಿ, ದೆಹಲಿಯಲ್ಲಿವೆ. ಯಾವ ಭಾಷೆಯ ಪುಸ್ತಕವಾದರೂ ಕಾನೂನು ಒಂದೇ.

"ಹಾಗಾದ್ರೆ ಕನ್ನಡ ಪುಸ್ತಕಾನೂ ಇಲ್ಲಿಗೆ ಬರಬೇಕಾ?" ಅಂತ ಅಕ್ಕ ಕೇಳಿದರು.

ಹೌದು, ಬರಬೇಕು. ಊರ ಬೋರ್ಡಿನಲ್ಲಿ ಕನ್ನಡ ಇಲ್ಲ. ಆದರೆ ಈ ಮನೆಯಲ್ಲಿ ಕನ್ನಡಕ್ಕೂ ಜಾಗ ಇದೆ.

ಹಾಡು ಕೇಳೋಣ

ಚೆನ್ನೈನಲ್ಲಿ ಡಿಸೆಂಬರ್ ಬಂದರೆ ಸಂಗೀತದ ಹಬ್ಬ. ಅವರ ಮಾರ್ಗಳಿ ತಿಂಗಳು, ನಮ್ಮ ಧನುರ್ಮಾಸ. ಊರಿನ ಹಲವು ಸಭೆಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಚೇರಿ ನಡೆಯುತ್ತದೆ. ಸಭೆ ಅಂದರೆ ಇಲ್ಲಿ ಸಂಗೀತ ನಡೆಸುವ ಸಂಸ್ಥೆ. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿ ಅವುಗಳಲ್ಲಿ ಹೆಸರಾದದ್ದು. ಸಂಜೆಯ ದೊಡ್ಡ ಕಚೇರಿಗೆ ಟಿಕೆಟ್ ಬೇಕು. ಬೆಳಿಗ್ಗೆ, ಮಧ್ಯಾಹ್ನ ಹೊಸಬರು ಹಾಡುವಾಗ ಎಷ್ಟೋ ಕಡೆ ಟಿಕೆಟ್ ಇರುವುದಿಲ್ಲ. ಒಳಗೆ ಹೋಗಿ ಸುಮ್ಮನೆ ಕೂತು ಕೇಳಬಹುದು. ಸಭೆಯ ಕ್ಯಾಂಟೀನಿನಲ್ಲಿ ಬಿಸಿ ತಿಂಡಿ, ಕಾಫಿ ಸಿಗುತ್ತದೆ.

ನಾವು ಹಿಂದಿನ ಸಾಲಿನಲ್ಲಿ ಕೂತೆವು. ಒಬ್ಬ ಹುಡುಗಿ ಹಾಡುತ್ತಿದ್ದಳು. ತಮಿಳು, ತೆಲುಗು ಹಾಡು ಆಯಿತು. ಆಮೇಲೆ ಕನ್ನಡ! ಪುರಂದರದಾಸರ ಪದ. ನಾವೆಲ್ಲಾ ನೆಟ್ಟಗೆ ಕೂತೆವು. ಕರ್ನಾಟಕ ಸಂಗೀತ ಕಲಿಯುವ ಮಕ್ಕಳು ಮೊದಲು ಕಲಿಯುವ ಪಾಠಗಳನ್ನು ಪುರಂದರದಾಸರೇ ಮಾಡಿಟ್ಟರು ಅಂತ ಹೇಳುತ್ತಾರೆ. ನಮಗೆ ಅ, ಆ, ಇ, ಈ ಇದ್ದ ಹಾಗೆ ಅವರಿಗೆ ಆ ಸ್ವರಗಳು.

ಈ ಊರಿನಲ್ಲಿ ನಮ್ಮ ಕಡೆಯ ಒಬ್ಬ ಹೆಂಗಸು ದೊಡ್ಡ ಹೆಸರು ಮಾಡಿದರು. ಬೆಂಗಳೂರು ನಾಗರತ್ನಮ್ಮ. ಅವರು 1878ರಲ್ಲಿ ನಂಜನಗೂಡಿನಲ್ಲಿ, ದೇವದಾಸಿ ಮನೆತನದಲ್ಲಿ ಹುಟ್ಟಿದರು. ಮದ್ರಾಸಿಗೆ ಬಂದು ಹಾಡಿ ಗಳಿಸಿದರು. ಮದ್ರಾಸು ಅಂದರೆ ಚೆನ್ನೈಯೇ. 1996ರಲ್ಲಿ ಹೆಸರು ಬದಲಾಯಿತು.

ನಾಗರತ್ನಮ್ಮ ಚೆನ್ನಾಗಿ ಓದಿಕೊಂಡಿದ್ದರು. ಮುದ್ದುಪಳನಿ ಎಂಬ ಹೆಂಗಸು ಬರೆದ ತೆಲುಗು ಕಾವ್ಯವೊಂದನ್ನು 1910ರಲ್ಲಿ ಅಚ್ಚು ಹಾಕಿಸಿದರು. ಹೆಂಗಸು ಹೀಗೆ ಬರೆಯಬಾರದು ಅಂತ ಕೆಲವರು ಗದ್ದಲ ಎಬ್ಬಿಸಿದರು. ಆಗಿನ ಬ್ರಿಟಿಷ್ ಸರ್ಕಾರ ಪುಸ್ತಕಕ್ಕೆ ನಿಷೇಧ ಹಾಕಿತು. ನಾಗರತ್ನಮ್ಮ ತಪ್ಪು ಮಾಡಿದೆ ಅನ್ನಲಿಲ್ಲ.

ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳು ಬಿದ್ದಿತ್ತು. 1920ರ ದಶಕದಲ್ಲಿ ಅವರು ತಮ್ಮ ಗಳಿಕೆ ಸುರಿದು ಅಲ್ಲಿ ಗುಡಿ ಕಟ್ಟಿಸಿದರು. ಆದರೆ ಅಲ್ಲಿಯ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿರಲಿಲ್ಲ. ಗುಡಿ ಕಟ್ಟಿಸಿದವರೇ ಹಾಡುವ ಹಾಗಿಲ್ಲ! ಅವರು ಹೆಂಗಸರನ್ನು ಸೇರಿಸಿ ಬೇರೆಯಾಗಿ ಆರಾಧನೆ ನಡೆಸಿದರು. 1940ರ ದಶಕದಲ್ಲಿ ಎಲ್ಲರೂ ಒಂದಾದರು. ಹೆಂಗಸರೂ ಹಾಡಿದರು.

1968ರಲ್ಲಿ ಮ್ಯೂಸಿಕ್ ಅಕಾಡೆಮಿಯ 'ಸಂಗೀತ ಕಲಾನಿಧಿ' ಬಿರುದು ಮೊದಲ ಸಲ ಒಬ್ಬ ಹೆಂಗಸಿಗೆ ಸಿಕ್ಕಿತು. ಅವರೇ ಎಂ. ಎಸ್. ಸುಬ್ಬುಲಕ್ಷ್ಮಿ. ಅಕಾಡೆಮಿ ಹುಟ್ಟಿ ಆಗಲೇ 40 ವರ್ಷ ಆಗಿತ್ತು.

ಬೆಳಗಿನ ಕೋಲ

ಒಂದು ದಿನ ನಸುಕಿನಲ್ಲೇ ಎದ್ದು ಮೈಲಾಪುರಕ್ಕೆ ಹೋದೆವು. ಕಪಾಲೀಶ್ವರ ದೇವಸ್ಥಾನದ ಸುತ್ತಿನ ಬೀದಿಗಳು. ರಾತ್ರಿಯ ಮಳೆಗೆ ನೆಲ ಒದ್ದೆ. ಹೆಂಗಸರು ಬಾಗಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗೋಲಿ ಹಾಕುತ್ತಿದ್ದರು. ಅದಕ್ಕೆ ಅವರು ಕೋಲಂ ಅನ್ನುತ್ತಾರೆ. ಮೊದಲು ಚುಕ್ಕಿ. ಆಮೇಲೆ ಚುಕ್ಕಿಯ ಸುತ್ತ ಎಳೆ. ಇರುವೆಗೂ ಅನ್ನ ಆಯಿತು, ಮನೆಗೂ ಶೋಭೆ ಆಯಿತು.

ಒಬ್ಬ ಅಜ್ಜಿ ಹಾಕಿ ಮುಗಿಸಿದರು. ಅಷ್ಟರಲ್ಲಿ ತುಂತುರು ಬಂತು. ಕೋಲಂ ಅಳಿಸಿಹೋಯಿತು. ಅಜ್ಜಿ ನಕ್ಕರು. ಮಳೆ ನಿಂತ ಮೇಲೆ ಇನ್ನೊಂದು ಹಾಕಿದರು.

ದೇವಸ್ಥಾನಗಳಲ್ಲಿ ಈ ತಿಂಗಳು ಬೆಳಿಗ್ಗೆ ತಿರುಪ್ಪಾವೈ ಹಾಡುತ್ತಾರೆ. ಬರೆದವಳು ಆಂಡಾಳ್. ಆಳ್ವಾರರು ಎಂಬ 12 ಮಂದಿ ಭಕ್ತ ಕವಿಗಳಲ್ಲಿ ಅವಳೊಬ್ಬಳೇ ಹೆಣ್ಣು. ಅದರಲ್ಲಿ 30 ಪದ್ಯ. ದಿನಕ್ಕೊಂದು. ನಾಲ್ಕನೆಯ ಪದ್ಯ ಮಳೆಯನ್ನು ಕರೆಯುತ್ತದೆ. ಪೂಜೆ ಮುಗಿದ ಮೇಲೆ ಬಿಸಿ ಪೊಂಗಲ್ ಪ್ರಸಾದ. ನಮ್ಮ ಧನುರ್ಮಾಸದ ಹುಗ್ಗಿಯೇ ಅದು.

ಮಳೆ ಬಿಟ್ಟಾಗ ಕಡಲು, ಹಕ್ಕಿ

ಮಳೆ ಬಿಟ್ಟ ಸಂಜೆ ಮರೀನಾ ದಡಕ್ಕೆ ಹೋದೆವು. ಅಕ್ಕ ಮೊದಲ ಸಲ ಕಡಲು ನೋಡಿದರು. ಬಹಳ ಹೊತ್ತು ಮಾತೇ ಆಡಲಿಲ್ಲ.

ಅಲ್ಲಿ ಸುಂಡಲ್ ಮಾರುತ್ತಾರೆ. ಅದು ನಮ್ಮ ಉಸಲಿ. ಬಿಸಿ ಮೆಣಸಿನಕಾಯಿ ಬಜ್ಜಿಯೂ ಸಿಗುತ್ತದೆ. ತಿನ್ನಿ, ದಡದಲ್ಲಿ ನಡೆಯಿರಿ. ಆದರೆ ನೀರಿಗೆ ಇಳಿಯಬೇಡಿ. ಮರೀನಾದಲ್ಲಿ ಅಲೆಯ ಸೆಳೆತ ಜೋರು. ಮಳೆಗಾಲದಲ್ಲಿ ಇನ್ನೂ ಜೋರು. ಅಲ್ಲಿ ಸ್ನಾನ, ಈಜು ಕೂಡದು ಅಂತ ಪೊಲೀಸರು ತಡೆಯುತ್ತಾರೆ.

ಒಂದು ದಿನ ಬಿಡುವಿದ್ದರೆ ವೇಡಂತಾಂಗಲ್‌ಗೆ ಹೋಗಿ. ಚೆನ್ನೈನಿಂದ ಸುಮಾರು 80 ಕಿಲೋಮೀಟರ್. ಅದೊಂದು ಹಳ್ಳಿಯ ಕೆರೆ. ಹಿಂಗಾರು ಮಳೆಗೆ ಕೆರೆ ತುಂಬುತ್ತದೆ. ಮರಗಳು ನೀರಿನಲ್ಲೇ ನಿಂತಿರುತ್ತವೆ. ಆ ಮರಗಳಲ್ಲಿ ಸಾವಿರಾರು ಕೊಕ್ಕರೆ, ಬಕ, ನೀರುಕಾಗೆ ಗೂಡು ಕಟ್ಟುತ್ತವೆ. ಸುತ್ತ ನೀರು ಇರುವುದರಿಂದ ಮರಿಗಳಿಗೆ ಕಾವಲು ಇದ್ದ ಹಾಗೆ.

ಹಕ್ಕಿಯ ಹಿಕ್ಕೆ ಕೆರೆಗೆ ಬೀಳುತ್ತದೆ. ಆ ನೀರು ಗದ್ದೆಗೆ ಗೊಬ್ಬರ. ಇದು ರೈತರಿಗೆ ಹಿಂದಿನಿಂದ ಗೊತ್ತಿತ್ತು. ಬ್ರಿಟಿಷ್ ಸಿಪಾಯಿಗಳು ಹಕ್ಕಿಗಳಿಗೆ ಗುಂಡು ಹೊಡೆಯುತ್ತಿದ್ದರು. ಹಳ್ಳಿಯವರು ಕಲೆಕ್ಟರ ಹತ್ತಿರ ಹೋದರು. ಹಕ್ಕಿಗಳನ್ನು ಕೊಲ್ಲಬಾರದು ಅಂತ ಬರವಣಿಗೆಯಲ್ಲಿ ಆಜ್ಞೆ ಪಡೆದರು. ಇದು 1790ರ ದಶಕದ ಮಾತು. ಬಾಯಿಮಾತು ಗಾಳಿಗೆ ಹೋಗುತ್ತಿತ್ತು. ಕಾಗದ ಉಳಿಯಿತು. ಹಕ್ಕಿಯೂ ಉಳಿಯಿತು. ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲೂ ಊರವರು ಹೀಗೇ ಹಕ್ಕಿಗಳನ್ನು ಕಾಯುತ್ತಾರೆ.

ಊರಿಗೆ ಬಂದ ಮೇಲೆ

ಈ ಸಲ ಸುತ್ತ ಕೂತವರಿಗೆ ಅಕ್ಕ ಒಂದು ಗಂಟೆ ಚೆನ್ನೈ ಕಥೆ ಹೇಳಿದರು. ಮಳೆ ಅದೇ ಮಳೆ. ಊರು ಅದೇ ಊರು. ಬದಲಾದದ್ದು ಏನು? ಯಾವ ದಿನ ಹೊರಡಬಾರದು ಅಂತ ತಿಳಿಯಿತು. ಯಾವ ದಿನ ಹೊರಡಬಹುದು ಅಂತಲೂ ತಿಳಿಯಿತು. ಅಂಕಿ ಓದಲು ಬಂತು. ಗೊತ್ತಿಲ್ಲದ್ದನ್ನು ಕೇಳುವ ಧೈರ್ಯ ಬಂತು.

ಮಗಳ ಮನೆಗೋ, ತಂಗಿಯ ಮನೆಗೋ, ಆಸ್ಪತ್ರೆಗೋ ನೀವೂ ದೂರದ ಊರಿಗೆ ಹೋಗುತ್ತೀರಿ. ಅಲ್ಲಿಯ ಕೆಲಸ ಇದ್ದದ್ದೇ. ಅದರ ನಡುವೆ ಒಂದು ದಿನವನ್ನಾದರೂ ನಿಮಗಾಗಿ ಇಟ್ಟುಕೊಳ್ಳಿ. ಕೊಡೆ ಹಿಡಿಯಿರಿ. ಚೀಟಿ ಬರೆದುಕೊಳ್ಳಿ. ಕಿಟಕಿಯಿಂದ ಆಚೆ ಬನ್ನಿ.

ಮಾತಾಡೋಣ, ಬರೆಯೋಣ

1. ನಿಮ್ಮ ಊರಿನಲ್ಲಿ ಮುಂಗಾರು ಹೆಚ್ಚೋ, ಹಿಂಗಾರು ಹೆಚ್ಚೋ?
2. ಎಚ್ಚರಿಕೆಯ ನಾಲ್ಕು ಬಣ್ಣ ಯಾವುವು? ಕೆಂಪು ಬಣ್ಣ ಬಂದರೆ ಏನು ಮಾಡುತ್ತೀರಿ?
3. ನಿಮ್ಮ ಮನೆಯ ವಿಳಾಸ ಮತ್ತು ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆಯಿರಿ.
4. ನೀವು ಯಾವ ಊರನ್ನು ಕಿಟಕಿಯಿಂದ ಮಾತ್ರ ನೋಡಿ ಬಂದಿದ್ದೀರಿ? ಜೊತೆಯವರಿಗೆ ಹೇಳಿ.